ನಾಲೆಯ ಕೊನೆ ಭಾಗದಲ್ಲಿ ಒಂದು ರ‍್ಯಾಂಕ್

ಪರೀಕ್ಷೆಯ ಫಲಿತಾಂಶ ಬಂದ ವಾರ ಮೈಸೂರಿನ ಡಿಟಿಪಿ ಅಂಗಡಿಗಳಿಗೆ ಪುರುಸೊತ್ತಿರುವುದಿಲ್ಲ. ಅಭಿನಂದನೆಯ ಬ್ಯಾನರಿಗೆ ‘ಮೊದಲ ರ‍್ಯಾಂಕ್’ ಎಂದು ಹೊಡೆದರೆ ಪರದೆಯಲ್ಲಿ ‘ಮೊದಲ ರ್ಯಾಂಕ್’ ಎಂದು ಮೂಡುತ್ತದೆ. ರಕಾರ ಅರ್ಕಾವತ್ತಾಗಿ ಯಕಾರದ ಬಲಕ್ಕೆ ಹೋಗಿ ಕೂತಿರುತ್ತದೆ. ಗಿರಾಕಿ ಎದುರಿಗೇ ನಿಂತಿದ್ದಾನೆ. ಬಳಸುತ್ತಿರುವುದು ಬಿಡಿಗಾಸು ಕೊಡದೆ ಸಿಕ್ಕ ಲಿಬ್ರೆಆಫೀಸ್ ಎಂಬ ತಂತ್ರಾಂಶ. ಬೈಯುವುದಾದರೂ ಯಾರನ್ನು?

ಮೊದಲು ರೋಗ ಏನೆಂದು ನೋಡೋಣ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ರ, ಹಲಂತ (ಸ್ವರ ತೆಗೆಯುವ ಚಿಹ್ನೆ), ಯ ಈ ಮೂರನ್ನು ಸಾಲಾಗಿ ಕೊಟ್ಟರೆ ಕಂಪ್ಯೂಟರ್ ಅರ್ಕಾವತ್ತು ಹಾಕುತ್ತದೆ. ಸೂರ್ಯ, ಕಾರ್ಯ ಎಂಬಲ್ಲಿ ಅದೇ ಸರಿ. ‘ರ‍್ಯಾಂಕ್’ನಲ್ಲಿ ಮಾತ್ರ ರ ಇಡಿಯಾಗಿ ನಿಂತು ಯ ಒತ್ತಕ್ಷರವಾಗಬೇಕು. ಅದಕ್ಕಾಗಿ ರಕಾರಕ್ಕೂ ಹಲಂತಕ್ಕೂ ನಡುವೆ ‘ಝೀರೋ ವಿಡ್ತ್ ಜಾಯ್ನರ್’ ಎಂಬ ಕಣ್ಣಿಗೆ ಕಾಣದ ಸಂಕೇತ ಇಡಬೇಕು; ಅದರ ಸಂಖ್ಯೆ 200ಡಿ (200D). ಹಳೆಯ ರೂಢಿಯಲ್ಲಿ ಇದನ್ನು ಹಲಂತ ಆದಮೇಲೆ ಇಡುತ್ತಿದ್ದರು. ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದದ್ದು) ಹಳೆಯ ಬರಹ ಕೆಡದಿರಲೆಂದು ಎರಡನ್ನೂ ಒಂದೇ ರೀತಿ ತೋರಿಸುತ್ತದೆ. ಹಾಗಾಗಿ ಇನ್ನೊಂದು ಪೇಚು: ಎರಡು ಪದ ನೋಡಲು ಅವಳಿ-ಜವಳಿ, ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಇದು ಸಾಲದೆಂಬಂತೆ, ಕೆಲವು ತಂತ್ರಾಂಶಗಳು ಕಾಣದ ಸಂಕೇತವನ್ನು ಕಸವೆಂದು ಗುಡಿಸಿ ಹಾಕುತ್ತವೆ.

ತಪ್ಪು ಕೀಲಿಮಣೆಯದಿರಬಹುದು, ಫಾಂಟಿನದಿರಬಹುದು, ಹಾರ್ಫ್‌ಬಜ್‌ನದಿರಬಹುದು, ಲಿಬ್ರೆಆಫೀಸ್‌ನದೇ ಇರಬಹುದು. ನಾಲ್ಕೂ ಬೇರೆ ಬೇರೆ ಮನೆ. ಹಲವು ಮನೆಗಳಲ್ಲಿ ಇರುವುದು ತಂತ್ರಾಂಶವನ್ನು ನೋಡಿಕೊಳ್ಳುವ ಒಬ್ಬಿಬ್ಬರು ಮೇಂಟೇನರ್‌ಗಳು, ಅದೂ ಹೊಟ್ಟೆಪಾಡಿನ ಕೆಲಸ ಮುಗಿಸಿಕೊಂಡು ಬಂದವರು. ಅವರ ಬಾಗಿಲಿಗೆ ‘ಕನ್ನಡ ಸರಿಯಾಗಿ ಬರ್ತಿಲ್ಲ, ಬೇಗ ಸರಿಮಾಡಿ’ ಎಂಬ ಒಂದು ಸಾಲು ಬಂದು ಬೀಳುತ್ತದೆ. ಓದುವವನಿಗೆ ಕನ್ನಡ ಬಾರದಿದ್ದರೆ ‘ಸರಿ’ ಎಂದರೆ ಹೇಗಿರಬೇಕು ಎಂಬುದೇ ಗೊತ್ತಾಗುವುದಿಲ್ಲ. ಯಾವ ಆವೃತ್ತಿ, ಯಾವ ಫಾಂಟು ಎಂದು ಕೇಳಬೇಕು, ಉತ್ತರಕ್ಕೆ ಕಾಯಬೇಕು. ಬಹಳ ಸಲ ಉತ್ತರವೇ ಬರುವುದಿಲ್ಲ.

ಈ ಜನ ಯಾಕಾದರೂ ಈ ಕೆಲಸ ಮಾಡುತ್ತಾರೆ? ಸಂಶೋಧಕರಾದ ಕರೀಂ ಲಖಾನಿ ಮತ್ತು ರಾಬರ್ಟ್ ವುಲ್ಫ್ 287 ಮುಕ್ತ ತಂತ್ರಾಂಶ ಯೋಜನೆಗಳ 684 ಮಂದಿಯನ್ನು ಕೇಳಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಲ್ಲಕ್ಕಿಂತ ಬಲವಾಗಿ ಕಂಡ ಕಾರಣ ಕೆಲಸದ ಖುಷಿ, ಏನೋ ಹೊಸದನ್ನು ಕಟ್ಟುತ್ತಿದ್ದೇನೆಂಬ ಹುಮ್ಮಸ್ಸು. ಅವರಲ್ಲಿ ಶೇ. 40ರಷ್ಟು ಮಂದಿಗೆ ಆ ಕೆಲಸಕ್ಕೆ ಸಂಬಳವೂ ಇತ್ತು ಎಂಬುದನ್ನು ಗಮನಿಸಬೇಕು. ಎಲ್ಲರೂ ಪುಕ್ಕಟೆ ದುಡಿಯುವವರಲ್ಲ. ಆದರೆ ಬಿಡಿಸಲು ಒಗಟಿದ್ದರೆ ರಾತ್ರಿ ಹನ್ನೊಂದಕ್ಕೂ ಕೂರುವ ಮನುಷ್ಯ, ಆ ಒಗಟು ಎಲ್ಲಿದೆ ಎಂದು ಹುಡುಕುವ ಗುಮಾಸ್ತಗಿರಿಗೆ ಬೇಸತ್ತು ಎದ್ದು ಹೋಗುತ್ತಾನೆ. ಬಳಕೆದಾರನ ಕೈಯಲ್ಲಿರುವ ದಾರಿಯೂ ಇಲ್ಲೇ ಇದೆ: ಗುಮಾಸ್ತಗಿರಿ ನಮ್ಮ ಪಾಲಿಗಿರಲಿ, ಒಗಟು ಅವರಿಗೆ ಹೋಗಲಿ.

ಅಂಗಡಿಯಲ್ಲೇ ಹತ್ತು ನಿಮಿಷದಲ್ಲಿ ಆಗುವ ಕೆಲಸ ಅದು. ಆ ಪದವನ್ನು ಜಾಲತಾಣ ನೋಡುವ ತಂತ್ರಾಂಶವಾದ ಫೈರ್‌ಫಾಕ್ಸ್‌ನಲ್ಲೂ ಅಂಟಿಸಿ ನೋಡಿ. ಅಲ್ಲಿ ಸರಿಯಿದ್ದು ಇಲ್ಲಿ ಕೆಟ್ಟಿದ್ದರೆ ಲಿಬ್ರೆಆಫೀಸ್ ಮೇಲೆ ಅನುಮಾನ. ಎರಡೂ ಹಾರ್ಫ್‌ಬಜ್ಜನ್ನೇ ಬಳಸುತ್ತವಲ್ಲ. ಆದರೆ ಎರಡು ಕಡೆಯೂ ಒಂದೇ ಫಾಂಟು ಇರಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಎರಡರಲ್ಲೂ ಕೆಟ್ಟಿದ್ದರೆ ಫಾಂಟನ್ನು ನೋಟೋ ಸಾನ್ಸ್ ಕನ್ನಡಕ್ಕೆ ಬದಲಿಸಿ. ಸರಿಹೋಯಿತೇ? ದೂರು ಹಳೆಯ ಫಾಂಟಿನ ಮನೆಗೆ. ಆಗಲೂ ಸರಿಹೋಗದಿದ್ದರೆ ಲಿಬ್ರೆಆಫೀಸ್ ರೈಟರ್‌ನಲ್ಲಿ ಅಕ್ಷರದ ಬಲಕ್ಕೆ ಕರ್ಸರ್ ಇಟ್ಟು ಆಲ್ಟ್ ಮತ್ತು ಎಕ್ಸ್ ಒತ್ತಿ, ಸಂಕೇತ ಸಂಖ್ಯೆಗಳು ಹೊರಬರುತ್ತವೆ. 200ಡಿ ಕಾಣದಿದ್ದರೆ ಕೀಲಿಮಣೆ ಅದನ್ನು ಹಾಕಿಲ್ಲ, ಇಲ್ಲವೇ ನಡುದಾರಿಯಲ್ಲಿ ಯಾರೋ ಕಿತ್ತಿದ್ದಾರೆ. ದೂರಿನಲ್ಲಿ ಆಪರೇಟಿಂಗ್ ಸಿಸ್ಟಂ, ತಂತ್ರಾಂಶ ಮತ್ತು ಫಾಂಟಿನ ಆವೃತ್ತಿ, ಪಠ್ಯವಾಗಿಯೇ ಆ ಒಂದು ಪದ, ಈಗಿನ ಚಿತ್ರ, ಇರಬೇಕಾದ ಚಿತ್ರ ಇಷ್ಟಿದ್ದರೆ ಸಾಕು. ಬರೀ ಸ್ಕ್ರೀನ್‌ಶಾಟ್ ಕಳಿಸಬೇಡಿ. ಕಾಣದ ಸಂಕೇತ ಚಿತ್ರದಲ್ಲಿ ಕಾಣುವುದಿಲ್ಲ.

ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಆರ್‌ಎಸ್‌ನಿಂದ ವಿ.ಸಿ. ನಾಲೆಗೆ ನೀರು ಬಿಟ್ಟರೂ ಮದ್ದೂರು, ಮಳವಳ್ಳಿಯ ಕೊನೆ ಭಾಗಕ್ಕೆ ಮುಟ್ಟಬೇಕಾದರೆ ನಡುವಿನ ತೂಬು, ಹೂಳು ಎಲ್ಲ ಸರಿಯಿರಬೇಕು. ತಂತ್ರಾಂಶದ ನಾಲೆಯಲ್ಲಿ ಕನ್ನಡಿಗರು ಕೊನೆ ಭಾಗದವರು. ಹಳೆಯ ಕೆರೆ ಬಯಲುಗಳಲ್ಲಿ ನೀರು ಹಂಚುವ ನೀರುಗಂಟಿಗೆ ಸುಗ್ಗಿಯಲ್ಲಿ ಭತ್ತ ಅಳೆದು ಕೊಡುತ್ತಿದ್ದರು. ನಮ್ಮ ಮೇಂಟೇನರ್‌ಗೆ ಅಳೆಯುವವರು ಯಾರೂ ಇಲ್ಲ, ಆದರೆ ಗದರುವವರಿಗೆ ಬರವಿಲ್ಲ.

ಗದರಿಕೆ ಎಷ್ಟು ದುಬಾರಿ ಎಂಬುದನ್ನು 2024 ತೋರಿಸಿತು. ಕಡತ ಕುಗ್ಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶವನ್ನು ವರ್ಷಗಳಿಂದ ನೋಡಿಕೊಂಡಿದ್ದವರು ಲಾಸೆ ಕಾಲಿನ್. 2022ರಲ್ಲಿ ಅಪರಿಚಿತ ಹೆಸರುಗಳಿಂದ ‘ನಿಧಾನ ಆಯಿತು, ಬೇರೆಯವರಿಗೆ ಬಿಟ್ಟುಕೊಡಿ’ ಎಂಬ ಒತ್ತಡ ಶುರುವಾಯಿತು. ಇದು ಸಂಬಳವಿಲ್ಲದ ಹವ್ಯಾಸದ ಕೆಲಸ, ಮಾನಸಿಕ ಆರೋಗ್ಯವೂ ಸರಿಯಿಲ್ಲ ಎಂದು ಅವರು ಬರೆದರು. ಸಹಾಯಕ್ಕೆ ಬಂದ ‘ಜಿಯಾ ಟಾನ್’ ಎಂಬ ಹೆಸರಿನವನಿಗೆ ಕ್ರಮೇಣ ಅಧಿಕಾರ ಸಿಕ್ಕಿತು, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹೊರಗಿನವರು ಗುಟ್ಟಾಗಿ ಕಂಪ್ಯೂಟರಿನ ಒಳಹೊಕ್ಕುವ ಕಳ್ಳಬಾಗಿಲು ಸೇರಿತು. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು.

ಹಾಗೆಂದು ಮೇಂಟೇನರ್ ಕಡೆ ಲೆಕ್ಕವೇ ಇಲ್ಲವೆಂದಲ್ಲ. ಮಾಡಲಾಗದ ಬೇಡಿಕೆಯನ್ನು ವರ್ಷಗಟ್ಟಲೆ ತೆರೆದಿಡುವುದಕ್ಕಿಂತ ಕಾರಣ ಬರೆದು ಮುಚ್ಚುವುದು ಮರ್ಯಾದೆ. ಕೇಳಿದವನು ಬೇರೆ ದಾರಿ ನೋಡಿಕೊಳ್ಳುತ್ತಾನೆ. ಇನ್ನು ದುಡ್ಡು. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಝೀರೋಧಾ 2024ರಲ್ಲಿ ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನಿಧಿ ಘೋಷಿಸಿತು. ಇಂಥ ಹಣ ಹೊಸ ಸೌಲಭ್ಯ ಕಟ್ಟುವುದಕ್ಕಿಂತ ಮೊದಲು ದೂರು ವಿಂಗಡಿಸುವ, ದಸ್ತಾವೇಜು ಬರೆಯುವ, ಯಾರಿಗೂ ಬೇಡವಾದ ಕೆಲಸಕ್ಕೆ ಹೋಗಬೇಕೆಂಬುದು ನಮ್ಮ ಅಭಿಪ್ರಾಯ. ಖುಷಿಯ ಕೆಲಸಕ್ಕೆ ಜನ ಹೇಗೂ ಸಿಗುತ್ತಾರೆ.

ಅಂಗಡಿಯ ಆ ಒಂದು ಪದ ಸರಿಯಾದ ಬಾಗಿಲಿಗೆ ಸರಿಯಾದ ರೂಪದಲ್ಲಿ ಮುಟ್ಟಿದರೆ ತಪ್ಪು ತಿದ್ದುವುದರ ಜೊತೆಗೆ ಇನ್ನೊಂದು ಉಪಕಾರವೂ ಆಗುತ್ತದೆ. ಹಾರ್ಫ್‌ಬಜ್‌ನಂಥ ಯೋಜನೆಗಳು ಹೀಗೆ ಬಂದ ಪದವನ್ನೂ ಅದು ಮೂಡಬೇಕಾದ ರೂಪವನ್ನೂ ಪರೀಕ್ಷೆಯ ಕಡತದಲ್ಲಿ ಸೇರಿಸಿಕೊಳ್ಳುತ್ತವೆ. ಮುಂದೆ ಯಾರೇ ಒಂದು ಸಾಲು ಕೋಡ್ ಬದಲಿಸಿದರೂ ‘ರ‍್ಯಾಂಕ್’ ಮತ್ತೆ ಪರೀಕ್ಷೆಗೆ ಕೂರುತ್ತದೆ.