ಒಳಗೆ ಇಲ್ಲದ್ದು ಹೊರಗೆ ಬಂದದ್ದು ಹೇಗೆ?

‘ನ್ಯೂಟ್ರಾನ್ ಒಡೆದಾಗ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್, ಒಂದು ಪ್ರತಿನ್ಯೂಟ್ರಿನೊ ಹೊರಬರುತ್ತವೆ.’ ಪರೀಕ್ಷೆಯಲ್ಲಿ ಹೀಗೆ ಬರೆದವರಿಗೆ ಪೂರ್ತಿ ಅಂಕ ಸಿಗುತ್ತದೆ. ಆದರೆ ಈ ವಾಕ್ಯದ ಎರಡು ಕ್ರಿಯಾಪದಗಳೂ ತಪ್ಪು. ನ್ಯೂಟ್ರಾನ್ ಒಡೆಯುವುದಿಲ್ಲ. ಎಲೆಕ್ಟ್ರಾನ್ ಹೊರಬರುವುದೂ ಇಲ್ಲ, ಅದು ಒಳಗೆ ಇದ್ದರೆ ತಾನೇ ಹೊರಬರುವುದು!

ತಪ್ಪು ಬರೆದವರದಲ್ಲ, ನಾವು ಆರಿಸಿಕೊಂಡ ಪದಗಳದ್ದು. ಕಣಭೌತವಿಜ್ಞಾನದ ಈ ಘಟನೆಗೆ ಕನ್ನಡದಲ್ಲಿ ‘ವಿಘಟನೆ’ ಎನ್ನುತ್ತೇವೆ, ಇಲ್ಲವೇ ‘ಕ್ಷಯ’ ಎನ್ನುತ್ತೇವೆ. ವಿಘಟನೆ ಎಂದ ಕೂಡಲೇ ಕೂಡಿಸಿಟ್ಟದ್ದು ಬಿಡಿಬಿಡಿಯಾಗುವ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಕ್ಷಯ ಎಂದರೆ ಸವೆದು ಸೊರಗಿ ಇಲ್ಲವಾಗುವ ಚಿತ್ರ. ಕಣದ ಬದುಕಿನಲ್ಲಿ ಎರಡೂ ನಡೆಯುವುದಿಲ್ಲ. ಹುಟ್ಟಿ ಹದಿನೈದು ನಿಮಿಷವಾದ ನ್ಯೂಟ್ರಾನ್ ಈಗಷ್ಟೇ ಹುಟ್ಟಿದ ನ್ಯೂಟ್ರಾನಿಗಿಂತ ಕಿಂಚಿತ್ತೂ ಸವೆದಿರುವುದಿಲ್ಲ. ಪದ ಬದಲಿಸುವುದು ಈಗ ಕಷ್ಟ, ನಾನೂ ‘ಕ್ಷಯ’ ಎಂದೇ ಬರೆಯುತ್ತೇನೆ. ಪದದ ಹಿಂದಿನ ಚಿತ್ರವನ್ನಾದರೂ ಬದಲಿಸಿಕೊಳ್ಳೋಣ.

ಈ ತಪ್ಪಿಗೆ ದೊಡ್ಡವರೂ ಸಿಕ್ಕಿಬಿದ್ದಿದ್ದರು. 1920ರ ದಶಕದಲ್ಲಿ ಪರಮಾಣುವಿನ ನ್ಯೂಕ್ಲಿಯಸ್ಸಿನೊಳಗೆ ಪ್ರೋಟಾನುಗಳ ಜೊತೆ ಎಲೆಕ್ಟ್ರಾನುಗಳೂ ಇವೆ ಎಂದೇ ಭೌತವಿಜ್ಞಾನಿಗಳು ನಂಬಿದ್ದರು. ಬೀಟಾ ವಿಕಿರಣದಲ್ಲಿ ನ್ಯೂಕ್ಲಿಯಸ್ಸಿನಿಂದ ಎಲೆಕ್ಟ್ರಾನ್ ಬರುತ್ತದೆ, ಬರಬೇಕಾದರೆ ಒಳಗೆ ಇರಲೇಬೇಕು ಎಂಬುದು ಅವರ ತರ್ಕ. ಹಾಗಾದರೆ ನೈಟ್ರೋಜನ್ ನ್ಯೂಕ್ಲಿಯಸ್ಸಿನ ಲೆಕ್ಕ ನೋಡಿ. ಅದರ ರಾಶಿ 14, ಆವೇಶ 7. ಅಂದರೆ 14 ಪ್ರೋಟಾನ್, 7 ಎಲೆಕ್ಟ್ರಾನ್, ಒಟ್ಟು 21 ಕಣ. ಭ್ರಮಣ (ಸ್ಪಿನ್) ಎಂಬುದು ಕಣದ ಒಂದು ಹುಟ್ಟುಗುಣ, ಪ್ರೋಟಾನ್, ಎಲೆಕ್ಟ್ರಾನ್ ಎರಡರದ್ದೂ ಅರ್ಧ. ಅರ್ಧ ಭ್ರಮಣದ ಕಣಗಳು ಬೆಸ ಸಂಖ್ಯೆಯಲ್ಲಿ ಸೇರಿದರೆ ಒಟ್ಟು ಭ್ರಮಣ ಪೂರ್ಣಾಂಕ ಆಗಲಾರದು. ಇದನ್ನು ಪರೀಕ್ಷಿಸುವ ಸಾಧನ ಕೈಗೆ ಸಿಕ್ಕದ್ದು ರಾಮನ್ ಅವರಿಂದ ಎಂಬುದನ್ನು ನೆನೆದಾಗಲೆಲ್ಲ ನನಗೆ ಪುಳಕ. ರಾಮನ್ ಪರಿಣಾಮ ಪತ್ತೆಯಾದದ್ದು 1928ರಲ್ಲಿ. ಮರುವರ್ಷವೇ ಇಟಲಿಯ ಫ್ರಾಂಕೊ ರಸೆಟ್ಟಿ ಅದೇ ವಿಧಾನದಿಂದ ನೈಟ್ರೋಜನ್ ಅಣುವಿನ ರೋಹಿತವನ್ನು ಅಳೆದರು. ರೋಹಿತದ ಗೆರೆಗಳು ಒಂದು ಗಾಢ, ಒಂದು ಮಸುಕು, ಮತ್ತೆ ಒಂದು ಗಾಢ, ಹೀಗೆ ಸಾಲಾಗಿದ್ದವು. ನ್ಯೂಕ್ಲಿಯಸ್ಸಿನಲ್ಲಿ ಬೆಸ ಸಂಖ್ಯೆಯ ಕಣಗಳಿದ್ದರೆ ಯಾವ ಗೆರೆ ಗಾಢವಾಗಬೇಕಿತ್ತೋ ಅದು ಮಸುಕಾಗಿತ್ತು, ಮಸುಕಾಗಬೇಕಿದ್ದದ್ದು ಗಾಢವಾಗಿತ್ತು. 21 ಎಂಬ ಎಣಿಕೆ ಅಲ್ಲಿಗೆ ಬಿದ್ದುಹೋಯಿತು. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದ ಮೇಲೆ 7 ಪ್ರೋಟಾನ್, 7 ನ್ಯೂಟ್ರಾನ್ ಎಂದು ಲೆಕ್ಕ ಸರಿಹೋಯಿತು. ನ್ಯೂಕ್ಲಿಯಸ್ಸಿನಲ್ಲಿ ಎಲೆಕ್ಟ್ರಾನಿಗೆ ಜಾಗವೇ ಉಳಿಯಲಿಲ್ಲ.

ಹಾಗಾದರೆ ಬೀಟಾ ವಿಕಿರಣದ ಎಲೆಕ್ಟ್ರಾನ್ ಎಲ್ಲಿಂದ ಬಂತು? 1934ರಲ್ಲಿ ಎನ್ರಿಕೊ ಫರ್ಮಿ ಕೊಟ್ಟ ಉತ್ತರ ಇವತ್ತಿಗೂ ನಿಂತಿದೆ: ಅದು ಎಲ್ಲಿಂದಲೂ ಬರಲಿಲ್ಲ, ಅಲ್ಲೇ ಆಗಲೇ ಹುಟ್ಟಿತು. ದೀಪ ಹಚ್ಚುವ ಮುನ್ನ ಬೆಳಕಿನ ಕಣಗಳನ್ನು ಬತ್ತಿಯಲ್ಲಿ ಯಾರೂ ತುಂಬಿಟ್ಟಿರುವುದಿಲ್ಲ. ಆಡುವ ಮಾತು ಆಡುವ ಮುನ್ನ ಗಂಟಲಲ್ಲಿ ಗಂಟು ಕಟ್ಟಿಕೊಂಡು ಕೂತಿರುವುದಿಲ್ಲ. ಕೊಳಲನ್ನು ಸೀಳಿ ನೋಡಿದರೆ ರಾಗ ಸಿಗುವುದಿಲ್ಲ. ಎಲೆಕ್ಟ್ರಾನ್ ಕೂಡ ಹಾಗೆಯೇ. ಎಲೆಕ್ಟ್ರಾನ್ ಕ್ಷೇತ್ರ ಎಂಬುದೊಂದು ಎಲ್ಲೆಡೆ ಹರಡಿದೆ, ಅದಕ್ಕೆ ತಕ್ಕಷ್ಟು ಶಕ್ತಿ ತಾಕಿದರೆ ಒಂದು ಸ್ವರ ಹೊಮ್ಮುತ್ತದೆ. ಆ ಸ್ವರಕ್ಕೆ ನಾವು ಎಲೆಕ್ಟ್ರಾನ್ ಎಂದು ಹೆಸರಿಟ್ಟಿದ್ದೇವೆ.

ಈಗ ಗೊತ್ತಿರುವ ವಿವರ ಇದನ್ನು ಇನ್ನೂ ಖಚಿತಪಡಿಸುತ್ತದೆ. ಪ್ರೋಟಾನ್, ನ್ಯೂಟ್ರಾನುಗಳ ಒಳಗಿರುವ ಮೂಲಕಣಗಳೇ ಕ್ವಾರ್ಕುಗಳು. ನ್ಯೂಟ್ರಾನಿನಲ್ಲಿರುವ ಎರಡು ಡೌನ್ ಕ್ವಾರ್ಕುಗಳಲ್ಲಿ ಒಂದು ಅಪ್ ಕ್ವಾರ್ಕ್ ಆಗಿ ಬದಲಾಗುತ್ತದೆ, ನಡುವೆ ನಿಂತು ಇದನ್ನು ನಡೆಸಿಕೊಡುವುದು ಡಬ್ಲ್ಯು ಎಂಬ ಕಣ. ನ್ಯೂಟ್ರಾನಿನ ರಾಶಿ 939.6 ಮೆಗಾ ಎಲೆಕ್ಟ್ರಾನ್‌ವೋಲ್ಟ್ (ಇನ್ನು ಮುಂದೆ ಎಂಇವಿ, ಇದು ಶಕ್ತಿಯ ಮಾನ, ಕಣಗಳ ರಾಶಿಯನ್ನೂ ಇದರಲ್ಲೇ ಹೇಳುತ್ತಾರೆ). ಡಬ್ಲ್ಯು ರಾಶಿ ಸುಮಾರು 80,400 ಎಂಇವಿ. ತನಗಿಂತ ಎಂಬತ್ತೈದು ಪಟ್ಟು ಭಾರದ ಕಣವನ್ನು ನ್ಯೂಟ್ರಾನ್ ಮಡಿಲಲ್ಲಿಟ್ಟುಕೊಂಡಿತ್ತು ಎಂದು ಯಾರಾದರೂ ಹೇಳಿಯಾರೇ? ಪೂರ್ಣ ಪ್ರಮಾಣದ ಡಬ್ಲ್ಯು ಅಲ್ಲಿ ಹುಟ್ಟುವುದೂ ಇಲ್ಲ. ಅದರ ಕ್ಷೇತ್ರ ತೀರ ಅಪರೂಪಕ್ಕೆ, ತೀರ ಕೊಂಚವೇ ಕದಲುತ್ತದೆ. ಅದಕ್ಕೇ ಒಂಟಿ ನ್ಯೂಟ್ರಾನಿನ ಸರಾಸರಿ ಆಯುಷ್ಯ ಸುಮಾರು 880 ಸೆಕೆಂಡು. ಕಣಗಳ ಲೋಕದಲ್ಲಿ ಅದು ಯುಗಯುಗಾಂತರ.

ಇಷ್ಟನ್ನು ಒಪ್ಪಿದವರೂ ಕ್ವಾರ್ಕುಗಳ ವಿಷಯಕ್ಕೆ ಬಂದಾಗ ಮತ್ತೆ ಎಡವುತ್ತಾರೆ. ‘ಪ್ರೋಟಾನಿನೊಳಗೆ ಕ್ವಾರ್ಕುಗಳು ನಿಜವಾಗಿಯೂ ಇವೆಯಲ್ಲ? ಗಟ್ಟಿಯಾಗಿ ಗುದ್ದಿದರೆ ಅವಾದರೂ ಹೊರಗೆ ಬೀಳಬೇಕಲ್ಲ?’ ಇವೆ ಎಂಬುದು ನಿಜ. 1964ರಲ್ಲಿ ಗೆಲ್‌ಮನ್ ಮತ್ತು ಜ್ವೈಗ್ ಬೇರೆಬೇರೆಯಾಗಿ ಅವನ್ನು ಊಹಿಸಿದರು, ನಾಲ್ಕೈದು ವರ್ಷಗಳಲ್ಲೇ ಸ್ಟ್ಯಾನ್‌ಫರ್ಡಿನ ವೇಗವರ್ಧಕದ ಎಲೆಕ್ಟ್ರಾನುಗಳು ಪ್ರೋಟಾನಿನೊಳಗಿನ ಗಟ್ಟಿ ಬಿಂದುಗಳಿಗೆ ಬಡಿದು ಚಿಮ್ಮಿದ್ದನ್ನೂ ಕಂಡರು. ಆದರೆ ಒಂಟಿ ಕ್ವಾರ್ಕ್ ಈವರೆಗೆ ಯಾವ ಉಪಕರಣದಲ್ಲೂ ಸಿಕ್ಕಿಲ್ಲ.

ಕಾರಣ ಗ್ಲುವಾನ್, ಕ್ವಾರ್ಕುಗಳನ್ನು ಹಿಡಿದಿಡುವ ‘ಪ್ರಬಲ ಬಲ’ವನ್ನು ಸಾಗಿಸುವ ಕಣ. ವಿದ್ಯುತ್ ಬಲವನ್ನು ಸಾಗಿಸುವ ಬೆಳಕಿನ ಕಣಕ್ಕೆ ತನ್ನದೇ ಆವೇಶ ಇಲ್ಲ. ಆದ್ದರಿಂದ ಎರಡು ಆವೇಶಗಳ ನಡುವಿನ ಬಲರೇಖೆಗಳು ಹರಡಿಕೊಳ್ಳುತ್ತವೆ, ದೂರ ಹೋದಂತೆ ಬಲ ಕುಗ್ಗುತ್ತದೆ. ಗ್ಲುವಾನಿಗೆ ಮಾತ್ರ ತನ್ನದೇ ‘ಬಣ್ಣದ ಆವೇಶ’ ಇದೆ (ಕಣ್ಣಿಗೆ ಕಾಣುವ ಬಣ್ಣವಲ್ಲ, ಪ್ರಬಲ ಬಲದ ಆವೇಶಕ್ಕೆ ಇಟ್ಟ ಹೆಸರು). ಕ್ವಾರ್ಕುಗಳನ್ನು ಎಳೆಯುವ ಹಾಗೆ ಗ್ಲುವಾನುಗಳು ತಮ್ಮತಮ್ಮನ್ನೂ ಎಳೆದುಕೊಳ್ಳುತ್ತವೆ. ಹರಡಬೇಕಾದ ರೇಖೆಗಳು ಒಂದಕ್ಕೊಂದು ಹೊಸೆದುಕೊಂಡು ಹುರಿಯಾಗುತ್ತವೆ. ಹುರಿ ಎಷ್ಟು ಉದ್ದವಾದರೂ ಎಳೆತ ಅಷ್ಟೇ ಇರುತ್ತದೆ, ದೂರ ಹೋದರೂ ಸಡಿಲವಾಗುವುದಿಲ್ಲ. ಆ ಎಳೆತ ಸುಮಾರು ಹದಿನಾರು ಟನ್ ತೂಕಕ್ಕೆ ಸಮ! ಒಂದು ಪ್ರೋಟಾನಿಗಿಂತ ಸಣ್ಣ ಜಾಗದಲ್ಲಿ, ಒಂದು ಜೊತೆ ಕ್ವಾರ್ಕುಗಳ ನಡುವೆ, ತುಂಬಿದ ಲಾರಿಯೊಂದನ್ನು ಎತ್ತಿಹಿಡಿಯುವ ಬಲ.

ಎಳೆಯುತ್ತಾ ಹೋದಂತೆ ನಾವು ಹಾಕಿದ ಶಕ್ತಿಯೆಲ್ಲ ಹುರಿಯಲ್ಲಿ ಸೇರುತ್ತದೆ. ಒಂದು ಹಂತದಲ್ಲಿ ಹುರಿ ತುಂಡಾಗುತ್ತದೆ. ಆದರೂ ಒಂಟಿ ಕ್ವಾರ್ಕ್ ಸಿಗುವುದಿಲ್ಲ. ಹಗ್ಗದ ಒಂದೇ ತುದಿ ಬೇಕೆಂದು ಹಗ್ಗವನ್ನು ಕತ್ತರಿಸಿದರೆ ಕೈಗೆ ಬರುವುದು ಎರಡು ಹಗ್ಗ, ನಾಲ್ಕು ತುದಿ. ಆಯಸ್ಕಾಂತವನ್ನು ಮುರಿದರೂ ಉತ್ತರಧ್ರುವವೊಂದೇ ಸಿಗದೆ ಎರಡು ಇಡೀ ಆಯಸ್ಕಾಂತ ಸಿಗುವುದು ಹೀಗೆಯೇ. ಆದರೆ ಹಗ್ಗ ಕತ್ತರಿಸಿದಾಗ ಹೊಸ ನಾರು ಹುಟ್ಟುವುದಿಲ್ಲ, ಇಲ್ಲಿ ಹುಟ್ಟುತ್ತದೆ. ಹುರಿಯಲ್ಲಿ ಕೂಡಿದ್ದ ಶಕ್ತಿಯೇ ಒಂದು ಹೊಸ ಕ್ವಾರ್ಕ್, ಒಂದು ಹೊಸ ಪ್ರತಿಕ್ವಾರ್ಕ್ (ಕ್ವಾರ್ಕಿನ ವಿರುದ್ಧ ಆವೇಶದ ಪ್ರತಿಕಣ) ಆಗಿ ಎರಡು ಕಡಿದ ತುದಿಗಳಿಗೆ ಅಂಟಿಕೊಳ್ಳುತ್ತದೆ. ಕ್ವಾರ್ಕ್, ಪ್ರತಿಕ್ವಾರ್ಕ್ ಸೇರಿದ ಕಣಕ್ಕೆ ಮೀಸಾನ್ ಎನ್ನುತ್ತಾರೆ. ರೋ ಎಂಬ ಮೀಸಾನ್ ಪಯಾನ್ ಎಂಬ ಎರಡು ಹಗುರ ಮೀಸಾನ್ ಆಗುವುದು ಹೀಗೆ. ಮೊದಲು ಇದ್ದದ್ದು ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್. ಕೊನೆಗೆ ಎಣಿಸಿದರೆ ನಾಲ್ಕು. ಇದನ್ನು ‘ಒಡೆಯುವುದು’ ಎನ್ನಲು ನನಗೆ ಬಾಯಿ ಬರುವುದಿಲ್ಲ.

ರೋ ಬದುಕುವುದು ಸೆಕೆಂಡನ್ನು ಲಕ್ಷಕೋಟಿಯಿಂದ ಎರಡು ಸಲ ಭಾಗಿಸಿದಾಗ ಸಿಗುವ ಚೂರಿನ ನಾಲ್ಕೈದು ಪಟ್ಟು ಮಾತ್ರ. ಅಷ್ಟರಲ್ಲಿ ಬೆಳಕು ಕೂಡ ಒಂದು ಪ್ರೋಟಾನಿನ ಅಗಲವನ್ನು ದಾಟಿ ಮುಗಿಸಿರುವುದಿಲ್ಲ. ಇದನ್ನು ಯಾವ ಗಡಿಯಾರ ಅಳೆದೀತು? ಗಡಿಯಾರ ಬೇಡ, ಕಿವಿ ಸಾಕು. ಒಳ್ಳೆಯ ಘಂಟೆ ಬಾರಿಸಿದರೆ ನಾದ ಬಹಳ ಹೊತ್ತು ನಿಲ್ಲುತ್ತದೆ, ಅದರ ಶ್ರುತಿ ಯಾವುದೆಂದು ಕರಾರುವಾಕ್ಕಾಗಿ ಹೇಳಬಹುದು. ಮರದ ದಿಮ್ಮಿಗೆ ಬಡಿದರೆ ದಬ್ ಎಂದು ಸತ್ತುಹೋಗುವ ಸದ್ದಿಗೆ ಶ್ರುತಿ ಕಟ್ಟಲಾಗುವುದಿಲ್ಲ. ಕಣದ ಶ್ರುತಿ ಅದರ ರಾಶಿ. ಹೆಚ್ಚು ಬದುಕುವ ಕಣದ ರಾಶಿ ಚೂಪು, ಬೇಗ ಸಾಯುವ ಕಣದ ರಾಶಿ ಮಬ್ಬು. ರೋ ರಾಶಿ ಸುಮಾರು 775 ಎಂಇವಿ, ಆದರೆ ಅದರ ಮಬ್ಬಿನ ಅಗಲವೇ ಸುಮಾರು 149 ಎಂಇವಿ. ಅದು ದಿಮ್ಮಿಯ ಸದ್ದು.

1974ರ ನವೆಂಬರಿನಲ್ಲಿ ಕೇಳಿಸಿದ್ದು ಘಂಟೆ. ಸ್ಟ್ಯಾನ್‌ಫರ್ಡಿನಲ್ಲಿ ಬರ್ಟನ್ ರಿಕ್ಟರ್ ತಂಡ ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನುಗಳನ್ನು ಎದುರುಬದುರಾಗಿ ಡಿಕ್ಕಿ ಹೊಡೆಸುತ್ತಾ ಶಕ್ತಿಯನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಿತ್ತು. 3,100 ಎಂಇವಿ ಹತ್ತಿರ ಬಂದಾಗ ಕಣಗಳು ಹುಟ್ಟುವ ಪ್ರಮಾಣ ಸುಮಾರು ನೂರು ಪಟ್ಟು ನೆಗೆಯಿತು. ಶಕ್ತಿಯನ್ನು ಕೂದಲೆಳೆಯಷ್ಟು ಸರಿಸಿದರೆ ಮತ್ತೆ ಮೌನ. ಬ್ರೂಕ್‌ಹೇವನ್ನಿನಲ್ಲಿ ಸ್ಯಾಮ್ಯುಯೆಲ್ ಟಿಂಗ್ ತಂಡ ಬೆರಿಲಿಯಮ್ಮಿಗೆ ಪ್ರೋಟಾನುಗಳನ್ನು ಬಡಿಸಿ ಅದೇ ಜಾಗದಲ್ಲಿ ಅದೇ ಶಿಖರವನ್ನು ಕಂಡಿತ್ತು. ನವೆಂಬರ್ 11ರಂದು ಎರಡೂ ತಂಡಗಳು ಸುದ್ದಿ ಹೊರಗೆಡಹಿದವು. ಒಬ್ಬರು ಅದನ್ನು ಜೆ ಎಂದರು, ಇನ್ನೊಬ್ಬರು ಸೈ ಎಂದರು. ಪಟ್ಟು ಬಿಡದ ಕಾರಣ ಇವತ್ತಿಗೂ ಅದರ ಹೆಸರು ಜೆ/ಸೈ. ಎರಡು ವರ್ಷದಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಜೆ/ಸೈ ರಾಶಿ 3,097 ಎಂಇವಿ, ಮಬ್ಬಿನ ಅಗಲ ಕೇವಲ 0.093 ಎಂಇವಿ. ರೋ ಕಣಕ್ಕಿಂತ ಸುಮಾರು 1,600 ಪಟ್ಟು ದೀರ್ಘಾಯು. ಇಷ್ಟು ಭಾರದ ಕಣ ಕ್ಷಯಿಸಲು ನೂರಾರು ದಾರಿಗಳಿವೆ, ಹಾಗಾಗಿ ಅದು ಇನ್ನೂ ಬೇಗ ಹೋಗಬೇಕಿತ್ತು. ಯಾರು ತಡೆದರು?

ಅದು ಒಂದು ಚಾರ್ಮ್ ಕ್ವಾರ್ಕ್ (ಅಪ್, ಡೌನ್‌ಗಳಿಗಿಂತ ಭಾರದ ಇನ್ನೊಂದು ಬಗೆ), ಒಂದು ಚಾರ್ಮ್ ಪ್ರತಿಕ್ವಾರ್ಕ್ ಸೇರಿದ ಜೋಡಿ. ಹುರಿ ತುಂಡಾದರೆ ಎರಡು ಡಿ ಮೀಸಾನುಗಳು (ಒಂದು ತುದಿ ಚಾರ್ಮ್, ಇನ್ನೊಂದು ತುದಿ ಹಗುರ ಕ್ವಾರ್ಕ್ ಇರುವವು) ಹುಟ್ಟಬೇಕು. ಹಗುರವಾದ ಡಿ ಮೀಸಾನಿನ ರಾಶಿಯೇ 1,865 ಎಂಇವಿ, ಎರಡಕ್ಕೆ 3,730. ಗಂಟಿನಲ್ಲಿರುವುದು 3,097. ಹುರಿ ತುಂಡಾಗಲು ಬೇಕಾದ ಬಂಡವಾಳವೇ ಇಲ್ಲ! ಪ್ರಬಲ ಬಲಕ್ಕೆ ಉಳಿದ ದಾರಿ ಒಂದೇ, ಕ್ವಾರ್ಕೂ ಪ್ರತಿಕ್ವಾರ್ಕೂ ಒಂದನ್ನೊಂದು ಅಳಿಸಿಕೊಂಡು ಗ್ಲುವಾನ್ ಆಗಬೇಕು. ಒಂದು ಗ್ಲುವಾನ್ ಆಗಲಾರದು, ಏಕೆಂದರೆ ಜೆ/ಸೈಗೆ ಒಟ್ಟಾರೆ ಬಣ್ಣವಿಲ್ಲ, ಒಂಟಿ ಗ್ಲುವಾನಿಗೆ ಬಣ್ಣವಿದೆ. ಎರಡೂ ಆಗಲಾರದು. ಕಣವನ್ನು ಪ್ರತಿಕಣಕ್ಕೆ ಅದಲುಬದಲು ಮಾಡಿ ನೋಡುವ ಒಂದು ಪರೀಕ್ಷೆಯಿದೆ. ಅದರಲ್ಲಿ ಜೆ/ಸೈ ಚಿಹ್ನೆ ಋಣ, ಬಣ್ಣವಿಲ್ಲದ ಗ್ಲುವಾನ್ ಜೋಡಿಯ ಚಿಹ್ನೆ ಧನ. ಪ್ರಬಲ ಬಲ ಈ ಚಿಹ್ನೆಯನ್ನು ಎಂದೂ ಬದಲಿಸದು. ಆದ್ದರಿಂದ ಕನಿಷ್ಠ ಮೂರು ಗ್ಲುವಾನ್ ಬೇಕು. ಪ್ರತಿ ಗ್ಲುವಾನಿಗೂ ಒಂದು ಸುಂಕ ತೆರಬೇಕು, ಅಂದರೆ ಕ್ಷಯದ ಸಂಭವ ಪ್ರತಿ ಸಲವೂ ಅಷ್ಟು ಪಾಲಿಗೆ ಇಳಿಯುತ್ತದೆ. ಆ ಶಕ್ತಿಯಲ್ಲಿ ಸುಂಕ ಸುಮಾರು ಕಾಲು ಭಾಗ, ಮೂರು ಸಲ ಗುಣಿಸಿದರೆ ಅರವತ್ತನಾಲ್ಕರಲ್ಲಿ ಒಂದು. ಜೊತೆಗೆ ಕ್ವಾರ್ಕುಗಳು ಒಂದರ ಮೇಲೊಂದು ಬರುವ ಸಂಭವವೂ ಕಡಿಮೆ. ಎಲ್ಲ ಸೇರಿ ಕಣ ಬದುಕಿಕೊಳ್ಳುತ್ತದೆ.

ಸುಂಕ ಕಾಲು ಭಾಗಕ್ಕೆ ಇಳಿದದ್ದಕ್ಕೂ ಕಾರಣವಿದೆ. ತೀರ ಹತ್ತಿರದಲ್ಲಿ ಪ್ರಬಲ ಬಲ ದುರ್ಬಲವಾಗುತ್ತದೆ ಎಂದು ಗ್ರೋಸ್, ವಿಲ್ಚೆಕ್, ಪೊಲಿಟ್ಜರ್ 1973ರಲ್ಲಷ್ಟೇ ಲೆಕ್ಕ ಹಾಕಿ ತೋರಿಸಿದ್ದರು. ದೂರದಲ್ಲಿ ಹದಿನಾರು ಟನ್ ಎಳೆಯುವ ಅದೇ ಬಲ!

ಈ ವಿವರಣೆ ಸರಿಯೋ ಎಂದು ಪರೀಕ್ಷಿಸಬಯಸುವವರಿಗೆ ಪ್ರಕೃತಿ ಇದೇ ಕುಟುಂಬದ ಇನ್ನಿಬ್ಬರನ್ನು ಇಟ್ಟಿದೆ. ಒಂದರ ರಾಶಿ 3,686, ಅಂದರೆ 3,730ರ ಗೆರೆಗಿಂತ ಸ್ವಲ್ಪ ಕೆಳಗೆ. ಅದರ ಮಬ್ಬು ಸುಮಾರು 0.29. ಇನ್ನೊಂದರ ರಾಶಿ 3,774, ಗೆರೆಗಿಂತ ಅಷ್ಟೇ ಮೇಲೆ. ಅದರ ಮಬ್ಬು ಸುಮಾರು 27. ರಾಶಿಯ ವ್ಯತ್ಯಾಸ ನೂರಕ್ಕೆ ಎರಡೂವರೆಯೂ ಇಲ್ಲ, ಆಯುಷ್ಯದ ವ್ಯತ್ಯಾಸ ತೊಂಬತ್ತು ಪಟ್ಟು. ಗೆರೆ ದಾಟಿದ ಕೂಡಲೇ ಹುರಿ ತುಂಡಾಗುವ ದಾರಿ ತೆರೆಯಿತು. ನನ್ನ ಮಟ್ಟಿಗೆ ಇಡೀ ಕಣಭೌತವಿಜ್ಞಾನದಲ್ಲಿ ಇದಕ್ಕಿಂತ ಚೆಂದದ ಸಾಕ್ಷ್ಯ ಇಲ್ಲ.

ಇನ್ನೊಂದು ವಿಷಯ ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ‘ಇಲ್ಲದ್ದು ಹುಟ್ಟುತ್ತದೆ ಎಂದು ವಿಜ್ಞಾನವೇ ಒಪ್ಪಿದೆ, ಹಾಗಾದರೆ ಪವಾಡ ಯಾಕೆ ಸುಳ್ಳು?’ ಎಂದು ವಾದಿಸುವವರಿದ್ದಾರೆ, ಅದನ್ನು ನಂಬಿ ಮೋಸ ಹೋಗುವವರೂ ಇದ್ದಾರೆ. ಹುಟ್ಟುವುದು ನಿಜ, ಆದರೆ ಬಿಟ್ಟಿ ಹುಟ್ಟುವುದಿಲ್ಲ. ಮೇಲಿನ ಪುಟ್ಟ ಲೆಕ್ಕವನ್ನೇ ನೋಡಿ: 633 ಎಂಇವಿ ಕೊರತೆ ಬಿದ್ದದ್ದಕ್ಕೆ ಡಿ ಮೀಸಾನುಗಳು ಒಂದೇ ಒಂದು ಸಲವೂ ಹುಟ್ಟಲಿಲ್ಲ. ಶಕ್ತಿ ಸರಿಹೋಗಬೇಕು, ಆವೇಶ ಸರಿಹೋಗಬೇಕು, ಭ್ರಮಣ ಸರಿಹೋಗಬೇಕು, ಬೇರಿಯಾನುಗಳ (ಪ್ರೋಟಾನ್, ನ್ಯೂಟ್ರಾನಿನಂಥ ಕಣಗಳ) ಎಣಿಕೆ ಸರಿಹೋಗಬೇಕು. ನ್ಯೂಟ್ರಾನ್ ಪ್ರೋಟಾನಿಗಿಂತ 1.293 ಎಂಇವಿ ಭಾರ. ಅದರಲ್ಲಿ 0.511 ಎಲೆಕ್ಟ್ರಾನಿನ ರಾಶಿಗೆ ಖರ್ಚು, ಉಳಿದ 0.782 ಹುಟ್ಟಿದವರು ಓಡಾಡಲು. ನ್ಯೂಟ್ರಾನ್ ಸಿಗುವ ಮುನ್ನವೇ, ನ್ಯೂಕ್ಲಿಯಸ್ಸುಗಳ ಬೀಟಾ ವಿಕಿರಣದಲ್ಲಿ ಇಂಥ ಉಳಿಕೆಯಲ್ಲೂ ಸ್ವಲ್ಪ ಕಾಣೆಯಾಗುತ್ತಿದ್ದದ್ದನ್ನು ನೋಡಿಯೇ 1930ರಲ್ಲಿ ಭೌತವಿಜ್ಞಾನಿ ಪೌಲಿ, ಕಣ್ಣಿಗೆ ಬೀಳದ ಇನ್ನೊಂದು ಕಣ ಇರಬೇಕೆಂದು ಊಹಿಸಿದ್ದು. ಅದೇ ನ್ಯೂಟ್ರಿನೊ. ಜಮಾಖರ್ಚಿನಲ್ಲಿ ಬಿದ್ದ ಕೊರತೆಯನ್ನು ಅವರು ಪವಾಡದ ಲೆಕ್ಕಕ್ಕೆ ಬರೆಯಲಿಲ್ಲ. ಆ ಕಣ 1956ರಲ್ಲಿ ಸಿಕ್ಕಿತು.

ಇದೆಲ್ಲ ನೋಡಲು ವೇಗವರ್ಧಕದವರೆಗೆ ಹೋಗಬೇಕಿಲ್ಲ. ನಮ್ಮ ಮೈಯಲ್ಲಿರುವ ಪೊಟ್ಯಾಸಿಯಮ್ಮಿನ ಒಂದು ಅಲ್ಪಾಂಶ ಪೊಟ್ಯಾಸಿಯಮ್-40. ಅದರ ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷ. ವಯಸ್ಕರ ದೇಹದಲ್ಲಿ ಪ್ರತಿ ಸೆಕೆಂಡಿಗೆ ಅಂಥ ನಾಲ್ಕು ಸಾವಿರದಷ್ಟು ನ್ಯೂಕ್ಲಿಯಸ್ಸುಗಳು ಕ್ಷಯಿಸುತ್ತವೆ. ಹತ್ತರಲ್ಲಿ ಒಂಬತ್ತು ಸಲ ಒಂದು ಡೌನ್ ಕ್ವಾರ್ಕ್ ಅಪ್ ಆಗುತ್ತದೆ, ಪೊಟ್ಯಾಸಿಯಮ್ ಕ್ಯಾಲ್ಸಿಯಮ್ ಆಗುತ್ತದೆ, ಜೊತೆಗೊಂದು ಎಲೆಕ್ಟ್ರಾನ್ ಹುಟ್ಟಿ ಕೆಲವು ಮಿಲಿಮೀಟರ್ ಓಡಿ ನಿಲ್ಲುತ್ತದೆ. ಜೊತೆಗೆ ಹುಟ್ಟಿದ ಪ್ರತಿನ್ಯೂಟ್ರಿನೊ ಮಾತ್ರ ಎಲ್ಲೂ ನಿಲ್ಲದೆ ಮೈಯನ್ನೂ ಗೋಡೆಯನ್ನೂ ಭೂಮಿಯನ್ನೂ ದಾಟಿ ಹೊರಟುಹೋಗುತ್ತದೆ.