55 ಸಾವಿರದ್ದೋ, 85 ಸಾವಿರದ್ದೋ?

ಪ್ರಶ್ನೆ: ಜಯನಗರದಲ್ಲಿ ನಮ್ಮದು ಆರು ಜನರ ಆಡಿಟ್ ಆಫೀಸು. ಲ್ಯಾಪ್‌ಟಾಪ್‌ಗೆ ಲೆನೊವೊ, ಡೆಲ್, ಎಚ್‌ಪಿ ಮೂರರ ಕೊಟೇಶನ್ ತರಿಸಿದ್ದೇವೆ. 55 ಸಾವಿರದಿಂದ 85 ಸಾವಿರದವರೆಗೆ ಇದೆ. ನಿಜಕ್ಕೂ ಅಗ್ಗ ಯಾವ ಕಂಪನಿಯದು?

ಕಂಪನಿ ಆಮೇಲೆ, ಮೊದಲು ಮಾಡೆಲ್ ನೋಡಿ. ಲೆನೊವೊದಲ್ಲೇ ಆಫೀಸಿಗೆಂದು ಥಿಂಕ್‌ಪ್ಯಾಡೂ ಇದೆ, ಮನೆಗೆಂದು ಐಡಿಯಾಪ್ಯಾಡೂ ಇದೆ. ಎಚ್‌ಪಿಯಲ್ಲಿ ಆಫೀಸಿಗೆ ಎಲೈಟ್‌ಬುಕ್, ಮನೆಗೆ ಓಮ್ನಿಬುಕ್ ಎರಡೂ ಇವೆ. ಮನೆಬಳಕೆಯದನ್ನು ಆಫೀಸಿನದರ ಜೊತೆ ತೂಗಿದರೆ ಲೆಕ್ಕ ತಪ್ಪುತ್ತದೆ. ಜಿಎಸ್‌ಟಿ ಶೇ. 18. ಅಂಗಡಿಯ ಬೆಲೆಯಲ್ಲಿ ಅದು ಸೇರಿರುತ್ತದೆ, ಡೀಲರ್ ಕೊಟೇಶನ್‌ನಲ್ಲಿ ಸಾಮಾನ್ಯವಾಗಿ ಬೇರೆ. ಇನ್‌ಪುಟ್ ಕ್ರೆಡಿಟ್ (ಕೊಟ್ಟ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಮುರಿದುಕೊಳ್ಳುವುದು) ವಿಷಯ ಆಡಿಟರಿಗೆ ನಾನು ಹೇಳಬೇಕಿಲ್ಲ.

ಈಗ ಒಂದು ಅಂದಾಜು ಲೆಕ್ಕ. 55 ಸಾವಿರದ್ದಕ್ಕೆ ಆಫೀಸ್ ಬಳಕೆಯ ವಿಂಡೋಸ್ ಪ್ರೊ, ಹೆಚ್ಚುವರಿ ವಾರಂಟಿ ಸೇರಿ ಇನ್ನೊಂದು 19 ಸಾವಿರ ಹಿಡಿಯಿರಿ. ಕೊನೆಗೆ ಮಾರಿದಾಗ 8 ಸಾವಿರ ಬಂತು. ನಿವ್ವಳ 66 ಸಾವಿರ. ಮೂರು ವರ್ಷ ಬಾಳಿದರೆ ವರ್ಷಕ್ಕೆ 22 ಸಾವಿರ. 85 ಸಾವಿರದ್ದು ಪ್ರೊ ಮತ್ತು ಮೂರು ವರ್ಷದ ವಾರಂಟಿಯೊಂದಿಗೇ ಬಂತು, ಮುಂದಿನ ಎರಡು ವರ್ಷಕ್ಕೆ 10 ಸಾವಿರ ಕಟ್ಟಿದಿರಿ, ಐದು ವರ್ಷವಾದ ಮೇಲೆ 15 ಸಾವಿರಕ್ಕೆ ಮಾರಿದಿರಿ: ವರ್ಷಕ್ಕೆ 16 ಸಾವಿರ. ಆದರೆ ಅಗ್ಗದ್ದೂ ಐದು ವರ್ಷ ಎಳೆದರೆ 13,200ಕ್ಕೆ ಇಳಿದು ಅದೇ ಗೆಲ್ಲುತ್ತದೆ! ಹಾಗಾಗಿ ಕೇಳಬೇಕಾದ್ದು, ಅದು ಐದು ವರ್ಷ ಎಳೆಯುತ್ತದೆಯೇ ಎಂದು.

ಅದಕ್ಕೆ ರ‍್ಯಾಮ್ ನೋಡಿ. ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದರೆ 8 ಜಿಬಿ ಎಂದೆಂದಿಗೂ 8 ಜಿಬಿಯೇ. ಸ್ಲಾಟ್ ಇದ್ದರೆ ಮೂರನೇ ವರ್ಷ ಇನ್ನೊಂದು ರ‍್ಯಾಮ್ ಸೇರಿಸಿ ಆಯಸ್ಸು ಹೆಚ್ಚಿಸಬಹುದು. ಡೀಲರ್ ಬಾಯಿಮಾತು ನಂಬಬೇಡಿ. ಬಿಚ್ಚಿ ಜೋಡಿಸುವ ಸರ್ವಿಸ್ ಮ್ಯಾನ್ಯುಯಲ್ ಈ ಮೂರೂ ಕಂಪನಿಗಳ ಸೈಟಿನಲ್ಲೇ ಸಿಗುತ್ತದೆ, ಸ್ಲಾಟ್ ಇದೆಯೇ ಎಂದು ಅದರಲ್ಲೇ ನೋಡಿ.

ಇನ್ನು ವಾರಂಟಿ. ಆನ್‌ಸೈಟ್ ಆದರೆ ಎಂಜಿನಿಯರ್ ನಿಮ್ಮ ಬಳಿ ಬರುತ್ತಾರೆ, ಕ್ಯಾರಿ-ಇನ್ ಆದರೆ ನೀವೇ ಹೊತ್ತೊಯ್ಯಬೇಕು. ಒಮ್ಮೆ ನಾನು ಕೀಬೋರ್ಡ್ ಬದಲಿಸಲು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಮೂರು ಸಲ ಓಡಾಡಿದೆ. ಉಳಿಸಿದ ದುಡ್ಡು ಆಟೋಗೇ ಹೋಯಿತು. ಜುಲೈ, ಸೆಪ್ಟೆಂಬರಿನ ರಿಟರ್ನ್ಸ್ ಗಡಿಬಿಡಿಯಲ್ಲಿ ಒಂದು ಯಂತ್ರ ವಾರಗಟ್ಟಲೆ ಮಲಗಿದರೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. ನಿಮ್ಮ ಕೆಲಸಕ್ಕೆ ಆನ್‌ಸೈಟ್ ಬಿಟ್ಟು ಬೇರೆಯದನ್ನು ನಾನು ಹೇಳಲಾರೆ.

ಮ್ಯಾಕ್‌ಬುಕ್ ಮಾರುವಾಗ ಒಳ್ಳೆ ಬೆಲೆ ಬರುತ್ತದೆ, ನಿಜ. ಆದರೆ ನಮ್ಮ ಬೆಂಗಳೂರಿನದೇ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಅದರಲ್ಲಿ ನೇರವಾಗಿ ಓಡುವುದಿಲ್ಲ.

ಮಾರಿದರೆ ಎಷ್ಟು ಬರುತ್ತದೆಂಬ ಅಂಕಿಯನ್ನು ಊಹಿಸಬೇಡಿ. ಎಸ್‌ಪಿ ರೋಡಿನ ಹಳೆ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿ, ಅದೇ ಸಾಲಿನ ನಾಲ್ಕೈದು ವರ್ಷದ ಹಳೆಯ ಮಾಡೆಲ್ ಹೆಸರು ಹೇಳಿ ವಿಚಾರಿಸಿ. ಕೊಳ್ಳುವವರಂತಲ್ಲ, ಮಾರಲು ಬಂದವರಂತೆ.