ನೀರಿನ ಅಂಚಿನ ದಾರಿ ಸಮತಟ್ಟಲ್ಲ: ಐರ್ಲೆಂಡಿಗೆ ಸೈಕಲ್ ಒಯ್ಯುವವರಿಗೆ

ಪ್ರಶ್ನೆ: ಬರುವ ಜೂನ್‌ನಲ್ಲಿ ನಾವು ನಾಲ್ವರು ಗೆಳೆಯರು ಐರ್ಲೆಂಡಿನ ಪಶ್ಚಿಮ ಭಾಗದಲ್ಲಿ ಹತ್ತು ದಿನ ಸೈಕಲ್ ಪ್ರವಾಸ ಮಾಡಬೇಕೆಂದಿದ್ದೇವೆ. ಬೆಟ್ಟ ಹತ್ತುವ ಅಭ್ಯಾಸ ಹೆಚ್ಚಿಲ್ಲದ ಕಾರಣ ಕಡಲತೀರದ ಮತ್ತು ಸರೋವರದ ದಂಡೆಯ ದಾರಿಗಳನ್ನೇ ಆರಿಸಿಕೊಂಡಿದ್ದೇವೆ. ದಿನಕ್ಕೆ ನೂರು ಕಿಲೋಮೀಟರ್ ಆದೀತಲ್ಲವೇ?

ಉತ್ತರ: ಆಗುವುದಿಲ್ಲ. ಒಂದು ದಿನ ಆಗಬಹುದು, ಎರಡನೆಯ ದಿನ ಹಟದಿಂದ ಆಗಬಹುದು, ಮೂರನೆಯ ದಿನ ನಿಮ್ಮಲ್ಲಿ ಇಬ್ಬರು ಬಸ್ಸು ಹುಡುಕುತ್ತಿರುತ್ತೀರಿ. ಈ ಪ್ರಶ್ನೆ ನನಗೆ ಪ್ರತಿ ವರ್ಷ ಯುಗಾದಿಯ ಆಸುಪಾಸಿನಲ್ಲಿ ಬರುತ್ತದೆ. ಕೇಳುವವರು ಬೇರೆ, ಮಾತು ಬೇರೆ, ಆದರೆ ಒಳಗಿರುವ ನಂಬಿಕೆ ಒಂದೇ: ನೀರಿನ ಪಕ್ಕದ ದಾರಿ ಎಂದರೆ ಸಮತಟ್ಟಾದ ದಾರಿ. ಬಿಡಿಬಿಡಿಯಾಗಿ ಉತ್ತರಿಸಿ ದಣಿದಿದ್ದೇನೆ. ಈ ಸಲ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಈ ನಂಬಿಕೆ ಎಲ್ಲಿಂದ ಬಂತೆಂಬುದು ಅರ್ಥವಾಗದ ಸಂಗತಿಯಲ್ಲ. ನಮ್ಮಲ್ಲಿ ಕರಾವಳಿ ಎಂದರೆ ಘಟ್ಟದ ಬುಡದಿಂದ ಕಡಲಿನವರೆಗಿನ ತಗ್ಗು ನೆಲ. ಮರವಂತೆಯಲ್ಲಿ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ, ನಡುವೆ ಹೆದ್ದಾರಿ ಗೆರೆ ಎಳೆದಂತೆ ಹೋಗುತ್ತದೆ. ಘಟ್ಟ ಹತ್ತುವುದು ಎಂದರೆ ಕರಾವಳಿಯನ್ನು ಬಿಟ್ಟು ಹೋಗುವುದೆಂದೇ ನಮ್ಮ ಮಾತಿನ ಅರ್ಥ. ಇನ್ನು ಸರೋವರವೆಂದಾಗ ನಮ್ಮ ಕಣ್ಣಿಗೆ ಕಟ್ಟುವುದು ಕೆರೆ. ಕೆರೆಯ ಏರಿ ಮನುಷ್ಯರು ಮಣ್ಣು ಹೊತ್ತು ಮಟ್ಟಮಾಡಿ ಕಟ್ಟಿದ್ದು. ಅದರ ಮೇಲೆ ಸೈಕಲ್ ತಾನಾಗಿಯೇ ಹೋಗುತ್ತದೆ. ಈ ಎರಡು ಚಿತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಐರ್ಲೆಂಡಿನ ನಕ್ಷೆಯ ನೀಲಿ ಅಂಚನ್ನು ನೋಡಿದರೆ ಯಾರಿಗಾದರೂ ನೂರು ಕಿಲೋಮೀಟರ್ ಸಲೀಸೆನಿಸುತ್ತದೆ.

ಐರ್ಲೆಂಡಿನ ಪಶ್ಚಿಮದಲ್ಲಿ ಘಟ್ಟವೂ ಕರಾವಳಿಯೂ ಬಹುಮಟ್ಟಿಗೆ ಒಂದೇ. ಅಲ್ಲಿ ಬೆಟ್ಟಗಳು ದೇಶದ ನಡುವೆ ಇಲ್ಲ, ಅಂಚಿನಲ್ಲಿವೆ; ನಡುನಾಡು ತಗ್ಗಾದ ಬಯಲು. ಮೇಯೋ ಕೌಂಟಿಯ ಕ್ರೋ ಪ್ಯಾಟ್ರಿಕ್ ಬೆಟ್ಟ 764 ಮೀಟರ್ ಎತ್ತರಕ್ಕೆ ಏಳುವುದು ಕ್ಲೂ ಕೊಲ್ಲಿಯ ದಡದಿಂದಲೇ. ಡನಿಗಾಲ್ ಕೌಂಟಿಯ ಸ್ಲೀವ್ ಲೀಗ್ ಸುಮಾರು 600 ಮೀಟರ್ ಎತ್ತರದಿಂದ ನೇರವಾಗಿ ಅಟ್ಲಾಂಟಿಕ್ಕಿಗೆ ಇಳಿಯುತ್ತದೆ. ಇಂಥ ನೆಲದ ಮೇಲೆ ಕಡಲನ್ನು ಹಿಡಿದು ಸಾಗುವ ರಸ್ತೆಗೆ ಹತ್ತಿ ಇಳಿಯದೆ ಬೇರೆ ಗತಿಯಿಲ್ಲ.

ನೈಋತ್ಯದ ಕೆರ್ರಿ ಮತ್ತು ಕಾರ್ಕ್ ಕೌಂಟಿಗಳಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಮರಳುಗಲ್ಲಿನ ಬೆಟ್ಟಸಾಲುಗಳು ಕೈಬೆರಳುಗಳಂತೆ ಸಮುದ್ರಕ್ಕೆ ಚಾಚಿಕೊಂಡಿವೆ. ಸಾಲುಗಳ ನಡುವಿನ ಕಣಿವೆಗಳಿಗೆ ಕಡಲು ನುಗ್ಗಿ ಉದ್ದುದ್ದನೆಯ ಕೊಲ್ಲಿಗಳಾಗಿವೆ. ಡಿಂಗಲ್, ಐವ್ರಾ, ಬೇರಾ ಎಂಬ ಮೂರು ಪರ್ಯಾಯದ್ವೀಪಗಳೆಂದರೆ ಈ ಮೂರು ಬೆರಳುಗಳು. ಕರಾವಳಿಯನ್ನೇ ಹಿಡಿದು ಹೊರಟವರು ಪ್ರತಿ ಬೆರಳಿನ ತುದಿಯವರೆಗೆ ಹೋಗಿ ಹಿಂದಿರುಗಬೇಕು, ಇಲ್ಲವೇ ಬೆರಳಿನ ಬೆನ್ನನ್ನು ಅಡ್ಡಲಾಗಿ ದಾಟಬೇಕು. ಐವ್ರಾ ಒಂದನ್ನೇ ಸುತ್ತುವ ರಿಂಗ್ ಆಫ್ ಕೆರ್ರಿ ಸುಮಾರು 180 ಕಿಲೋಮೀಟರ್. ಬೇರಾದ ಬೆನ್ನನ್ನು ದಾಟುವ ಹೀಲಿ ಪಾಸ್ ರಸ್ತೆಯ ಕೆಲಸ ಮೊದಲಾದದ್ದು 1847ರಲ್ಲಿ, ಮಹಾಕ್ಷಾಮದ ಕಾಲದಲ್ಲಿ, ಹಸಿದವರಿಗೆ ಕೂಲಿ ಕೊಡುವ ಪರಿಹಾರ ಕಾಮಗಾರಿಯಾಗಿ. ಆ ತಿರುವುಗಳಲ್ಲಿ ಏದುಸಿರು ಬಿಡುತ್ತ ನಿಂತಾಗಲೆಲ್ಲ ಈ ಕಲ್ಲುಗಳನ್ನು ಖಾಲಿ ಹೊಟ್ಟೆಯಲ್ಲಿ ಹೊತ್ತವರ ನೆನಪಾಗಿ ನಾನು ಗೊಣಗುವುದನ್ನು ನಿಲ್ಲಿಸಿದ್ದೇನೆ.

ಬೆಂಗಳೂರಿನ ಸೈಕಲ್ ಸವಾರರಿಗೆ ಒಂದೇ ಹೋಲಿಕೆ ಸಾಕು. ಡಿಂಗಲ್ ಪಟ್ಟಣದ ಬಂದರಿನಿಂದ ಕಾನರ್ ಪಾಸಿನ ನೆತ್ತಿಗೆ ಸುಮಾರು ಏಳು ಕಿಲೋಮೀಟರ್. ಅಷ್ಟರಲ್ಲಿ ನೀವು 400 ಮೀಟರಿಗೂ ಹೆಚ್ಚು ಏರಿರುತ್ತೀರಿ. ಅಂದರೆ ಭಾನುವಾರ ಬೆಳಗ್ಗೆ ನೀವು ಹತ್ತುವ ನಂದಿ ಬೆಟ್ಟದ ಕೊನೆಯ ಏರು, ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸವೆಂದರೆ ನಂದಿಗೆ ನೀವು ನೀರಿನ ಬಾಟಲಿ ಒಂದನ್ನೇ ಹಿಡಿದು ಹೋಗುತ್ತೀರಿ, ಇಲ್ಲಿ ಹತ್ತು ದಿನದ ಬಟ್ಟೆಬರೆಯ ಚೀಲಗಳು ಹಿಂದಿನ ಚಕ್ರದ ಎರಡೂ ಬದಿ ತೂಗುತ್ತಿರುತ್ತವೆ, ಎದುರುಗಾಳಿಯೂ ಇರಬಹುದು. ಹತ್ತಿದ್ದು ಸಮುದ್ರದಿಂದ, ಆಚೆ ಇಳಿಯುವುದು ಮತ್ತೆ ಸಮುದ್ರಕ್ಕೆ. ನಕ್ಷೆಯಲ್ಲಿ ನೋಡಿದರೆ ಅದು ಎರಡು ಕರಾವಳಿ ಊರುಗಳ ನಡುವಿನ ಒಂದು ಸಣ್ಣ ಗೆರೆ.

ಇನ್ನೊಂದು ಚಿಕ್ಕ ಉದಾಹರಣೆ. ಆಕಿಲ್ ದ್ವೀಪದ ಡೂವಾ ಹಳ್ಳಿಯಿಂದ ಕೀಮ್ ಎಂಬ ಮರಳದಂಡೆಗೆ ಕೆಲವೇ ಕಿಲೋಮೀಟರಿನ ದಾರಿ. ಹಳ್ಳಿಯೂ ಕಡಲ ಪಕ್ಕ, ದಂಡೆಯೂ ಕಡಲ ಪಕ್ಕ. ನಡುವಿನ ರಸ್ತೆ ಮಾತ್ರ ಬಂಡೆಯ ಭುಜವನ್ನು ಹತ್ತಿಯೇ ಹೋಗಬೇಕು. ಮೇಲೆ ಬೇಲಿಯಿಲ್ಲದ ಇಳಿಜಾರಿನಲ್ಲಿ, ಬೆನ್ನಿಗೆ ನೀಲಿ ಕೆಂಪು ಬಣ್ಣದ ಗುರುತು ಹಚ್ಚಿಸಿಕೊಂಡ ಕುರಿಗಳು ರಸ್ತೆಯ ಮಧ್ಯದಲ್ಲೇ ಮಲಗಿರುತ್ತವೆ; ಗಂಟೆ ಬಾರಿಸಿದರೆ ತಲೆಯೆತ್ತಿ ನೋಡಿ ಮತ್ತೆ ಮೆಲುಕು ಹಾಕುತ್ತವೆ. ಕೆಳಗೆ ಹಸಿರು ನೀರಿನ ಕುದುರೆಲಾಳದಂಥ ಕೊಲ್ಲಿ ಕಂಡಾಗ ದಣಿವೆಲ್ಲ ಮರೆತುಹೋಗುತ್ತದೆ. ಆದರೆ ರಸ್ತೆ ಅಲ್ಲಿಗೇ ಮುಗಿಯುವುದರಿಂದ, ಇಳಿದ ಪ್ರತಿ ಮೀಟರನ್ನೂ ಹಿಂದಿರುಗುವಾಗ ಹತ್ತಲೇಬೇಕು.

ಸರೋವರಗಳ ನಾಡಿನಲ್ಲಾದರೂ ಸಮತಟ್ಟು ಇದ್ದೀತೇ ಎಂದರೆ, ಅಲ್ಲಿಯೂ ಸರೋವರಗಳೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತವೆ. ಕ್ಯಾವನ್ ಮತ್ತು ಫರ್ಮಾನಾ ಕೌಂಟಿಗಳಲ್ಲಿ ಹಿಮಯುಗದ ಮಂಜುಗಡ್ಡೆ ಸರಿದುಹೋಗುವಾಗ ಮಣ್ಣು ಮತ್ತು ಕಲ್ಲುಗಳನ್ನು ಬೋರಲು ಹಾಕಿದ ದೋಣಿಗಳ ಆಕಾರದಲ್ಲಿ, ಸಾವಿರಾರು ದಿಣ್ಣೆಗಳಾಗಿ ಬಿಟ್ಟುಹೋಯಿತು. ಇವಕ್ಕೆ ಡ್ರಮ್ಲಿನ್ ಎಂದು ಹೆಸರು. ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವ ಈ ಪದ ಐರಿಷ್ ಭಾಷೆಯಿಂದಲೇ ಹುಟ್ಟಿದ್ದು. ಈ ದಿಣ್ಣೆಗಳು ಅಡ್ಡ ನಿಂತದ್ದರಿಂದ ನೀರು ಹರಿದುಹೋಗಲಾಗದೆ ತಗ್ಗಿನಲ್ಲಿ ತಂಗಿತು. ಆದ್ದರಿಂದ ನಕ್ಷೆಯಲ್ಲಿ ಚಿಕ್ಕ ಚಿಕ್ಕ ನೀಲಿ ಚುಕ್ಕೆಗಳು ಎಷ್ಟು ದಟ್ಟವೋ ರಸ್ತೆಯಲ್ಲಿ ಏರಿಳಿತವೂ ಅಷ್ಟೇ ದಟ್ಟ ಎಂದು ತಿಳಿಯಿರಿ. ಒಂದೊಂದು ಏರು ಹತ್ತಾರು ಮೀಟರ್ ಅಷ್ಟೇ, ಆದರೆ ಉಸಿರು ಹದಕ್ಕೆ ಬರುವಷ್ಟರಲ್ಲಿ ಮುಂದಿನದು ಎದುರಾಗುತ್ತದೆ. ಕ್ಲೂ ಕೊಲ್ಲಿಯ ತುಂಬ ಇರುವ ದ್ವೀಪಗಳೂ ಇವೇ ದಿಣ್ಣೆಗಳು, ಕಡಲಿನಲ್ಲಿ ಅರ್ಧ ಮುಳುಗಿದವು. ವರ್ಷದ ದಿನಕ್ಕೊಂದರಂತೆ 365 ಇವೆ ಎಂದು ಸ್ಥಳೀಯರು ಹೇಳುತ್ತಾರೆ.

ಹಾಗಾದರೆ ಸಮತಟ್ಟು ಎಲ್ಲಿದೆ? ಮನುಷ್ಯರು ಮಟ್ಟ ಮಾಡಿದ ಕಡೆ ಇದೆ. ಉಗಿಬಂಡಿಗೆ ಕಡಿದಾದ ಏರು ಆಗದು. ಆದ್ದರಿಂದ ರೈಲು ಹಾದಿಗಾಗಿ ದಿಬ್ಬ ಕಡಿದು, ಹಳ್ಳಕ್ಕೆ ಸೇತುವೆ ಕಟ್ಟಿದರು. ವೆಸ್ಟ್‌ಪೋರ್ಟಿನಿಂದ ಆಕಿಲ್‌ಗೆ ಹೋಗುತ್ತಿದ್ದ ರೈಲು 1937ರಲ್ಲಿ ನಿಂತುಹೋಯಿತು. ಅದೇ ಹಾದಿ ಇಂದು ಗ್ರೇಟ್ ವೆಸ್ಟರ್ನ್ ಗ್ರೀನ್‌ವೇ ಎಂಬ ಸುಮಾರು 42 ಕಿಲೋಮೀಟರಿನ ಸೈಕಲ್ ದಾರಿಯಾಗಿದೆ. ನ್ಯೂಪೋರ್ಟಿನಲ್ಲಿ ಏಳು ಕಮಾನುಗಳ ಹಳೆಯ ರೈಲು ಸೇತುವೆಯಿದೆ, ಮುಂದೆ ಮಲ್ರ್ಯಾನಿಯವರೆಗೆ ಕ್ಲೂ ಕೊಲ್ಲಿಯ ಉತ್ತರದ ದಡ ಜೊತೆಗೆ ಬರುತ್ತದೆ. ಆಗ್ನೇಯದಲ್ಲಿ 2017ರಲ್ಲಿ ತೆರೆದ 46 ಕಿಲೋಮೀಟರಿನ ವಾಟರ್‌ಫರ್ಡ್ ಗ್ರೀನ್‌ವೇ ಕೂಡ ಹಳೆಯ ರೈಲು ಹಾದಿಯೇ. ಇನ್ನೂ ಸಲೀಸು ಬೇಕೆಂದರೆ ಮೇನೂತ್‌ನಿಂದ ಲಾಂಗ್‌ಫರ್ಡ್ ಕೌಂಟಿಯ ಕ್ಲೂನ್‌ಡಾರಾವರೆಗೆ ರಾಯಲ್ ಕಾಲುವೆಯ ದಂಡೆಯಲ್ಲಿ 130 ಕಿಲೋಮೀಟರ್ ಸಾಗಬಹುದು. ನೀವು ಹುಡುಕುತ್ತಿರುವ ಕೆರೆ ಏರಿ ಅದೇ.

ವೈಲ್ಡ್ ಅಟ್ಲಾಂಟಿಕ್ ವೇ ಸೈಕಲ್ ಮಾರ್ಗವೆಂದು ಭಾವಿಸಿ ಬರೆಯುವವರೂ ಇದ್ದಾರೆ. ಅದು 2014ರಲ್ಲಿ ಕಾರಿನ ಪ್ರವಾಸಿಗರಿಗಾಗಿ ಗುರುತಿಸಿದ ಸುಮಾರು 2,500 ಕಿಲೋಮೀಟರಿನ ದಾರಿ. ಅದರ ಮೇಲೆ ಸೈಕಲ್ ತುಳಿಯಲು ಅಡ್ಡಿಯಿಲ್ಲ, ಆದರೆ ಸೈಕಲ್ಲಿಗೆಂದು ಬಿಟ್ಟ ಜಾಗವೂ ಅಲ್ಲಿ ಬಹಳ ಕಡೆ ಇಲ್ಲ. ಹತ್ತು ದಿನದವರು ಒಂದು ಕೌಂಟಿಯನ್ನು ಆರಿಸಿಕೊಂಡು ದಿನಕ್ಕೆ 50ರಿಂದ 60 ಕಿಲೋಮೀಟರ್ ಇಟ್ಟುಕೊಳ್ಳಿ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವುದರಿಂದ ಅವಸರಕ್ಕೆ ಕಾರಣವೇ ಇಲ್ಲ. ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ದಕ್ಷಿಣದಿಂದ ಉತ್ತರಕ್ಕೆ ಹೋಗುವುದು ಒಳಿತು. ಮಳೆಯ ಭಯ ಬೇಡ. ಪಶ್ಚಿಮದಲ್ಲಿ ಮಳೆಯ ದಿನಗಳು ಬಹಳ, ಆದರೆ ಗಂಟೆಗೆ ಒಂದೆರಡು ಮಿಲಿಮೀಟರಿನ ತುಂತುರೇ ಹೆಚ್ಚು. ಮಂಗಳೂರಿನ ಜುಲೈ ಕಂಡವರು ಅದನ್ನು ಮಳೆ ಎನ್ನಲಾರರು. ಒಳ್ಳೆಯ ಜಾಕೆಟ್ ಒಂದಿರಲಿ.

ಸರೋವರಗಳ ದಾರಿಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಕಿಂಗ್‌ಫಿಷರ್ ಟ್ರೇಲ್. ಎನಿಸ್ಕಿಲನ್ ಪಟ್ಟಣ, ಲಾಕ್ ಅರ್ನ್ ಸರೋವರ, ಲೀಟ್ರಿಮ್ ಕೌಂಟಿಯ ಲಾಕ್ ಅಲನ್ ಸರೋವರ ಎಲ್ಲವನ್ನೂ ಕಾಣಿಸುವ, ಎಂಟರ ಅಂಕಿಯಂತೆ ಸುತ್ತುವ ಸುಮಾರು 480 ಕಿಲೋಮೀಟರ್. ಇದು ಮತ್ತೆ ಮತ್ತೆ ಗಡಿ ದಾಟುತ್ತದೆ. ಫರ್ಮಾನಾ ಇರುವುದು ಉತ್ತರ ಐರ್ಲೆಂಡಿನಲ್ಲಿ, ಅಂದರೆ ಬ್ರಿಟನ್ನಿನ ಆಡಳಿತದಲ್ಲಿ. ಗಡಿಯಲ್ಲಿ ಗೇಟಿಲ್ಲ, ಪೊಲೀಸರಿಲ್ಲ. ವೇಗಮಿತಿಯ ಫಲಕ ಕಿಲೋಮೀಟರಿನಿಂದ ಮೈಲಿಗೆ ಬದಲಾಗುವುದೊಂದೇ ಗುರುತು. ತಡೆಯುವವರಿಲ್ಲ ಎಂದರೆ ಅನುಮತಿಯಿದೆ ಎಂದಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಐರಿಷ್ ವೀಸಾದ ಮೇಲೆ ಬಿಐವಿಎಸ್ (ಒಂದೇ ವೀಸಾದಲ್ಲಿ ಎರಡೂ ಕಡೆ ಹೋಗಬಹುದಾದ ಬ್ರಿಟಿಷ್-ಐರಿಷ್ ವೀಸಾ ಯೋಜನೆ) ಎಂಬ ಅಕ್ಷರಗಳಿವೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ. ಅದು ಇಲ್ಲದೆ, ಬೇರೆ ಬ್ರಿಟಿಷ್ ವೀಸಾವೂ ಇಲ್ಲದೆ ಆ ಕಡೆಗೆ ಹೋಗಬೇಡಿ.

ಯಾರೂ ಕೇಳದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು, ಏಕೆಂದರೆ ಏರು ಎಲ್ಲಿದೆಯೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ನಮ್ಮ ಊರುಗಳ ಹೆಸರಿನ ಕೊನೆಯಲ್ಲಿ ಕೆರೆ, ಗುಡ್ಡ, ದಿಣ್ಣೆ, ಕಟ್ಟೆ ಇರುವಂತೆ ಐರಿಷ್ ಹೆಸರುಗಳ ಮೊದಲಲ್ಲಿ ನೆಲದ ಗುಣ ಬರೆದಿರುತ್ತದೆ. ಡ್ರಮ್ ಎಂದರೆ ದಿಣ್ಣೆಯ ಬೆನ್ನು. ಡ್ರಮ್‌ಶಾನ್‌ಬೋ ಎಂಬ ಊರು ಲಾಕ್ ಅಲನ್ನಿನ ದಡದಲ್ಲೇ ಇದ್ದರೂ ಹೆಸರಿನಲ್ಲಿ ದಿಣ್ಣೆಯನ್ನು ಇಟ್ಟುಕೊಂಡಿದೆ. ನಾಕ್ ಎಂದರೆ ಗುಡ್ಡ, ಆರ್ಡ್ ಎಂದರೆ ಎತ್ತರ, ಗ್ಲೆನ್ ಎಂದರೆ ಕಣಿವೆ. ಕ್ಲೂನ್ ಅಥವಾ ಕ್ಲೋನ್ ಎಂದಿದ್ದರೆ ಹುಲ್ಲುಗಾವಲು. ರಾಯಲ್ ಕಾಲುವೆಯ ಸಮತಟ್ಟು ದಾರಿ ಕ್ಲೂನ್‌ಡಾರಾದಲ್ಲಿ ಮುಗಿಯುವುದು ಹೆಸರಿಗೆ ತಕ್ಕಂತೆಯೇ ಇದೆ. ಮಲ್ರ್ಯಾನಿಯ ಮೂಲ ಹೆಸರಿನಲ್ಲಿ ಇರುವುದು ಜರಿಗಿಡಗಳ ಇಳಿಜಾರು.

ಐರಿಷ್ ಮಾತನಾಡುವ ಪ್ರದೇಶಗಳಲ್ಲಿ ಊರಿನ ಫಲಕಗಳಲ್ಲಿ ಇಂಗ್ಲಿಷ್ ರೂಪ ಇರುವುದೇ ಇಲ್ಲವಾದ್ದರಿಂದ ಈ ಪದಗಳನ್ನು ಕಲಿಯುವುದು ಅಲ್ಲಿ ಅನಿವಾರ್ಯವೂ ಹೌದು. ಅವುಗಳಲ್ಲಿ ಒಂದನ್ನಂತೂ ಮರೆಯಬೇಡಿ: ಮಾಮ್. ಬೆಟ್ಟಸಾಲಿನ ನಡುವಿನ ಕಣಿವೆದಾರಿಗೆ ಆ ಹೆಸರು. ಕಾನಮಾರಾದ ಮಾಮ್ ಹಳ್ಳಿ, ಡನಿಗಾಲಿನ ಮಾಮೋರ್ ಗ್ಯಾಪ್ ಎಲ್ಲದರಲ್ಲೂ ಅದೇ ಇದೆ. ತಂಗುವ ಮನೆಗಳಿಗೆ ಹಣ ಕಟ್ಟುವ ಮೊದಲು ನಕ್ಷೆಯನ್ನು ದೊಡ್ಡದು ಮಾಡಿ, ಎರಡು ರಾತ್ರಿಗಳ ನಡುವಿನ ಗೆರೆಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರನ್ನು ಓದುತ್ತ ಹೋಗಿ. ಮಾಮ್ ಸಿಕ್ಕಿದರೆ ಆ ದಿನದ ಕಿಲೋಮೀಟರುಗಳನ್ನು ಅರ್ಧಕ್ಕೆ ಇಳಿಸಿ.